ಹಳೇ ಎಸ್‌ಎಂಪಿಎಸ್ ಫ್ಯಾನ್ ತಿರುಗ್ತಿದೆ, ಬೋರ್ಡಿಗೆ ಹಾಕ್ಬೋದಾ?

ಹಳೇಪೆಟ್ಟಿಗೆ:
ಎಷ್ಟೋ ವರ್ಷದಿಂದ ಮೂಲೇಲಿ ಬಿದ್ದಿದ್ದ ಸಿಪಿಯು ಇಂದ 450 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ) ಬಿಚ್ಚಿ ಇಟ್ಕೊಂಡಿದೀನಿ, ಈಗ ಒಂದು ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡ್ ಸಿಕ್ಕಿದೆ, ಅದಕ್ಕೆ ಇದನ್ನೇ ಹಾಕೋಣ ಅಂತ. 24 ಪಿನ್ ಕನೆಕ್ಟರಲ್ಲಿ ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಇಟ್ಟೆ, ಫ್ಯಾನ್ ತಿರುಗ್ತು. ಅಷ್ಟು ಸಾಕಾ? ಮಲ್ಟಿಮೀಟರ್ ಇದೆ, ಆದ್ರೆ ಬ್ಯಾಟರಿ ಚೆಕ್ ಮಾಡೋದು ಬಿಟ್ರೆ ಬೇರೇನೂ ಬರಲ್ಲ.

ಬೆಸುಗೆ_ಕೈ:
ಫ್ಯಾನ್ ತಿರುಗಿದ್ರೆ ಸಪ್ಲೈ ಆನ್ ಆಗ್ತಿದೆ ಅಂತ ಅಷ್ಟೇ, ವೋಲ್ಟೇಜ್ ಸರಿ ಇದೆ ಅಂತೇನಲ್ಲ. ಮೀಟರನ್ನ ಡಿಸಿ 20 ವೋಲ್ಟಿಗೆ ಇಟ್ಟು ಕಪ್ಪು ಪ್ರೋಬ್ ಕಪ್ಪು ವೈರಿಗೆ ಹಿಡೀರಿ. ಹಳದಿ 11.4 ರಿಂದ 12.6 ಒಳಗೆ ಇರ್ಬೇಕು, ಕೆಂಪು 4.75 ರಿಂದ 5.25, ಕಿತ್ತಳೆ 3.14 ರಿಂದ 3.46. ನೇರಳೆ ವೈರಲ್ಲಿ ಮಾತ್ರ ಕ್ಲಿಪ್ ತೆಗೆದ್ರೂ 5 ವೋಲ್ಟ್ ಬರ್ತಾ ಇರ್ಬೇಕು, ಅದು ಸ್ಟ್ಯಾಂಡ್‌ಬೈ, ಅಂದ್ರೆ ಕಂಪ್ಯೂಟರ್ ಆಫ್ ಇದ್ದಾಗ್ಲೂ ಇರೋ ಸಪ್ಲೈ. ಬೂದು ವೈರು ವೋಲ್ಟೇಜ್ ಎಲ್ಲಾ ಸರಿ ಇದೆ ಅಂತ ಬೋರ್ಡಿಗೆ ಹೇಳೋ ಸಿಗ್ನಲ್, ಆನ್ ಆದ ಅರೆಗಳಿಗೇಲಿ 5ರ ಹತ್ರ ಬಂದು ನಿಲ್ಬೇಕು, ಅದು ಬರ್ಲಿಲ್ಲ ಅಂದ್ರೆ ಸಪ್ಲೈಗೇ ತನ್ನ ಮೇಲೆ ನಂಬಿಕೆ ಇಲ್ಲ ಅಂತ 😄 ಖಾಲಿ ಇಟ್ಟು ಅಳೀಬೇಡಿ ಮತ್ತೆ, ಒಂದು ಹಳೇ ಹಾರ್ಡ್ ಡಿಸ್ಕೋ ಡಿವಿಡಿ ಡ್ರೈವೋ ಸಿಗಿಸಿ ಅಳೀರಿ, ಕೆಲವು ಹಳೇವು ಲೋಡ್ ಇಲ್ದಿದ್ರೆ ಏನೇನೋ ತೋರಿಸ್ತವೆ.

ಫ್ಯೂಸ್_ಹೋಯ್ತು:
ಅದಕ್ಕೂ ಮುಂಚೆ ಹಿಂದ್ಗಡೆ 115/230 ಕೆಂಪು ಸ್ವಿಚ್ ಇದ್ಯಾ ನೋಡಿ. 230 ಲೈನಿಗೆ 115ರಲ್ಲಿಟ್ಟು ಕೊಟ್ರೆ ಒಳಗೆ 650 ವೋಲ್ಟ್ ಹತ್ರ ಹೋಗುತ್ತೆ, ಢಂ ಅನ್ನೋದೊಂದೇ ಬಾಕಿ. ಆಮೇಲೆ ಪ್ಲಗ್ ಕಿತ್ತು ಗ್ರಿಲ್ಲಿಂದ ಟಾರ್ಚ್ ಬಿಡಿ, ಕೆಪಾಸಿಟರ್ (ಕರೆಂಟ್ ತುಂಬಿಟ್ಕೊಳ್ಳೋ ಡಬ್ಬಿ ಥರದ ಪಾರ್ಟ್) ತಲೆ ಉಬ್ಬಿದ್ಯಾ, ಸುಟ್ಟ ವಾಸನೆ ಇದ್ಯಾ. ದಯವಿಟ್ಟು ಡಬ್ಬಿ ಬಿಚ್ಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಲ್ಲಿ 325 ವೋಲ್ಟ್ ತನಕ ಉಳ್ಕೊಂಡಿರುತ್ತೆ, ಆಕ್ಟಿವ್ ಪಿಎಫ್‌ಸಿ (ಲೈನಿಂದ ಕರೆಂಟ್ ಎಳ್ಕೊಳ್ಳೋದನ್ನ ಹದ ಮಾಡೋ ಸರ್ಕ್ಯೂಟ್) ಇರೋದ್ರಲ್ಲಿ 380 ದಾಟುತ್ತೆ.

ಹಳೇಪೆಟ್ಟಿಗೆ:
ಸ್ವಿಚ್ 230ರಲ್ಲೇ ಇದೆ. ಹಾರ್ಡ್ ಡಿಸ್ಕ್ ಹಾಕಿ ಅಳ್ದೆ: ಹಳದಿ 12.18, ಕೆಂಪು 5.07, ಕಿತ್ತಳೆ 3.31, ನೇರಳೆ 5.02, ಬೂದೂ ಬಂತು. ಆದ್ರೆ ಟಾರ್ಚ್ ಬಿಟ್ಟಾಗ ಒಂದು ಕೆಪಾಸಿಟರ್ ಬುಡದಲ್ಲಿ ಕಂದು ಬಣ್ಣದ್ದೇನೋ ಅಂಟ್ಕೊಂಡಿದೆ, ತಲೆ ಚಪ್ಪಟೆನೇ ಇದೆ. ಲೀಕಾ ಇದು?

ಬೆಸುಗೆ_ಕೈ:
ಅಂಟಿರ್ಬೋದು. ಪಾರ್ಟ್ ಅಲ್ಲಾಡ್ದಂಗೆ ಫ್ಯಾಕ್ಟರೀಲೇ ಗೋಂದು ಹಾಕಿರ್ತಾರೆ, ವರ್ಷ ಕಳೆದಂಗೆ ಹಳದಿಯಿಂದ ಕಂದಾಗುತ್ತೆ. ಗುಡ್ಡೆ ಥರ ಗಟ್ಟಿಯಾಗಿ ಎರಡು ಮೂರು ಪಾರ್ಟಿಗೆ ಅಂಟಿದ್ರೆ ಗೋಂದು, ಬುಡದ ಸುತ್ತ ಒದ್ದೆ ಕಲೆ ಥರ ಇದ್ರೆ ಲೀಕ್. ರೀಡಿಂಗ್ ಎಲ್ಲಾ ಚೆನ್ನಾಗೇ ಇದೆ, ನಾನಾಗಿದ್ರೆ ಹಾಕ್ತಿದ್ದೆ.

ಸ್ಕೋಪ್_ಇಲ್ಲದವನು:
ನಾನಾಗಿದ್ರೆ ಹಾಕ್ತಿರ್ಲಿಲ್ಲ. ಮೀಟರ್ ತೋರ್ಸೋದು ಸರಾಸರಿ, ಕೆಪಾಸಿಟರ್ ಒಣಗಿದ್ರೆ 12.18 ಅಂತ ನೀಟಾಗಿ ಕಾಣ್ತಾನೇ ಒಳಗೊಳಗೆ ರಿಪಲ್, ಅಂದ್ರೆ ವೋಲ್ಟೇಜಿನ ಸಣ್ಣ ವೇಗದ ಏರಿಳಿತ, ಕುಣೀತಿರುತ್ತೆ. 12 ವೋಲ್ಟ್ ಲೈನಲ್ಲಿ 120 ಮಿಲಿವೋಲ್ಟ್, 5ರಲ್ಲೂ 3.3ರಲ್ಲೂ 50 ಮಿಲಿವೋಲ್ಟ್, ಅಷ್ಟೇ ಮಿತಿ, ಅದನ್ನ ನೋಡೋಕೆ ವೋಲ್ಟೇಜ್ ಏರಿಳಿತಾನ ಗೆರೆಯಾಗಿ ತೋರ್ಸೋ ಆಸಿಲೋಸ್ಕೋಪೇ ಬೇಕು. ಇನ್ನೊಂದು, 450 ನಂಬ್ಬೇಡಿ, ಲೇಬಲಲ್ಲಿ 12 ವೋಲ್ಟ್ ಎದುರಿಗೆ ಎಷ್ಟು ಆಂಪ್ ಇದೆ ಹೇಳಿ.

ಹಳೇಪೆಟ್ಟಿಗೆ:
16 ಆಂಪ್.

ಸ್ಕೋಪ್_ಇಲ್ಲದವನು:
192 ವ್ಯಾಟ್ ಆಯ್ತು ಅಲ್ಲಿಗೆ. ಮಿಕ್ಕಿದ್ದೆಲ್ಲಾ 5 ಮತ್ತು 3.3 ಲೆಕ್ಕ, ಆ ಕಾಲದ ಬೋರ್ಡಿಗೆ ಅದು ಬೇಕಿತ್ತು, ಈಗಿನವು ಬಹುತೇಕ 12ರಿಂದಾನೇ ಎಳ್ಕೊಳ್ಳೋದು. ಗ್ರಾಫಿಕ್ಸ್ ಕಾರ್ಡ್ ಇದ್ರೆ ಮರೆತುಬಿಡಿ.

ಹಳೇಪೆಟ್ಟಿಗೆ:
ಕಾರ್ಡ್ ಹಾಕೋ ಪ್ಲಾನ್ ಇತ್ತು ಗುರು. ಸರಿ, ಆ ಬೋರ್ಡಿಗೆ ಹೊಸದೇ ತಗೋತೀನಿ, ಇದನ್ನ ಡ್ರೈವ್ ಟೆಸ್ಟ್ ಮಾಡೋಕೆ ಇಟ್ಕೋತೀನಿ. ಗೋಂದಿನ ಫೋಟೋ ನಾಳೆ ಬೆಳಕಲ್ಲಿ ತೆಗೆದು ಹಾಕ್ತೀನಿ, ನೋಡಿ ಹೇಳಿ.