ಸಹಾಯ ಬೇಕು: ಲಿನಕ್ಸ್‌ನಲ್ಲಿ ಟಿವಿ ಕ್ಯಾಪ್ಚರ್ ಸಾಧನದಿಂದ ಚಿತ್ರ ಬರುತ್ತಿದೆ, ಧ್ವನಿ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಉಡುಪಿಯ ನಮ್ಮ ಮನೆಯಲ್ಲಿ ಯಕ್ಷಗಾನ ಬಯಲಾಟಗಳ ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳಿದ್ದು, ಮಳೆಗಾಲದ ತೇವಕ್ಕೆ ಕೆಲವುಗಳ ಟೇಪಿನ ಅಂಚಿನಲ್ಲಿ ಈಗಾಗಲೇ ಬಿಳಿ ಬೂಸ್ಟು ಕಾಣಿಸಿಕೊಂಡಿರುವುದರಿಂದ, ಉಳಿದವನ್ನಾದರೂ ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂದಿದ್ದೇನೆ. ಇದಕ್ಕಾಗಿ ಉಬುಂಟು ಎಂಬ ಲಿನಕ್ಸ್ ಇರುವ ಕಂಪ್ಯೂಟರಿಗೆ, ವಿಸಿಆರ್‌ನಿಂದ (ಕ್ಯಾಸೆಟ್ ಪ್ಲೇಯರ್) ಬರುವ ಚಿತ್ರ-ಧ್ವನಿಯನ್ನು ಕಂಪ್ಯೂಟರಿಗೆ ತಲುಪಿಸುವ ಯುಎಸ್‌ಬಿ ಕ್ಯಾಪ್ಚರ್ ಸಾಧನವೊಂದನ್ನು ಜೋಡಿಸಿದ್ದೇನೆ.

ಚಿತ್ರದ ಮಟ್ಟಿಗೆ ತೊಂದರೆಯಿಲ್ಲ. ಮೊದಲು ಕಪ್ಪು-ಬಿಳುಪಾಗಿ ಉರುಳುತ್ತಿದ್ದ ಚಿತ್ರ, ಟಿವಿ ಸಂಕೇತದ ಪದ್ಧತಿಯಾಗಿ ಅಮೆರಿಕದ ಎನ್‌ಟಿಎಸ್‌ಸಿ ಬದಲು ನಮ್ಮಲ್ಲಿ ಬಳಕೆಯ ಪಾಲ್ ಆಯ್ದುಕೊಂಡ ಮೇಲೆ 720×576 ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮುಗಳಂತೆ, ವೇಷದ ಬಣ್ಣಗಳೊಂದಿಗೆ ಸ್ಥಿರವಾಗಿ ಬರುತ್ತಿದೆ. ಆದರೆ ಧ್ವನಿ ಸ್ವಲ್ಪವೂ ಇಲ್ಲ. ಅದೇ ಕೇಬಲ್‌ಗಳಲ್ಲಿ ವಿಸಿಆರ್ ಅನ್ನು ನೇರವಾಗಿ ಟಿವಿಗೆ ಕೊಟ್ಟರೆ ಭಾಗವತರ ಪದವೂ ಚೆಂಡೆಯ ಪೆಟ್ಟೂ ಸ್ಪಷ್ಟವಾಗಿ ಕೇಳುತ್ತವೆ. ಧ್ವನಿ ದಾಖಲಿಸುವ ‘ಎರೆಕಾರ್ಡ್’ (arecord) ಆಜ್ಞೆಯ ಪಟ್ಟಿಯಲ್ಲಿ ಸಾಧನ ಕಾಣುತ್ತದೆ, ಧ್ವನಿಯ ಮಟ್ಟ ಹೊಂದಿಸುವ ಆಲ್ಸಾಮಿಕ್ಸರ್‌ನಲ್ಲಿ ಕ್ಯಾಪ್ಚರ್ ಮಟ್ಟವನ್ನೂ ಏರಿಸಿದ್ದೇನೆ. ಆದರೂ ದಾಖಲಾದ ಕಡತದಲ್ಲಿ ಏನೂ ಕೇಳಿಸುವುದಿಲ್ಲ.

ಕರ್ನಲ್ (ಲಿನಕ್ಸ್‌ನ ತಿರುಳು) ಸಂದೇಶಗಳನ್ನು ನೋಡಿದರೆ, ಇಂಥ ಸಾಧನಗಳನ್ನು ನಡೆಸುವ ಇಎಂ28ಎಕ್ಸ್‌ಎಕ್ಸ್ (em28xx) ಡ್ರೈವರ್ ಇದನ್ನು ಗುರುತು ಸಿಗದ ಸಾಧನವೆಂದು ಹೇಳಿ ‘ಕಾರ್ಡ್=1’ ಎಂದು, ಅಂದರೆ ತನ್ನ ಮಾದರಿಗಳ ಪಟ್ಟಿಯಲ್ಲಿ ಗುರುತಿಲ್ಲದವಕ್ಕಿರುವ ಸಂಖ್ಯೆಯದೆಂದು, ಪರಿಗಣಿಸಿದೆ. ಧ್ವನಿಯ ಒಳದಾರಿ ಈ ಕಾರ್ಡ್ ಸಂಖ್ಯೆಯನ್ನು ಅವಲಂಬಿಸಿರುವುದರಿಂದ ದೋಷ ಅಲ್ಲೇ ಇರಬೇಕೆಂಬುದು ನನ್ನ ಅನುಮಾನ. ಸಾಧನವನ್ನು ಬಿಚ್ಚಿ, ಒಳಗಿನ ಚಿಪ್‌ಗಳ ಮೇಲಿನ ಬರಹ ನೋಡಿ ಸರಿಯಾದ ಸಂಖ್ಯೆಯನ್ನು ಕಂಡುಕೊಳ್ಳುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಕಂಪ್ಯೂಟರ್ ಪ್ರತಿ ಸಲ ಶುರುವಾದಾಗಲೂ ಆ ಸಂಖ್ಯೆಯೇ ಉಳಿಯುವಂತೆ ಡ್ರೈವರ್‌ಗಳ ಆಯ್ಕೆಗಳನ್ನು ಬರೆದಿಡುವ ಮಾಡ್‌ಪ್ರೋಬ್ (modprobe) ಕಡತದಲ್ಲಿ ಏನು ಬರೆಯಬೇಕೆಂಬುದನ್ನೂ ಹೇಳಿದರೆ ದೊಡ್ಡ ಉಪಕಾರ. ಮಣಿಪಾಲ ಅಥವಾ ಮಂಗಳೂರಿನ ಕಡೆ ಇಂಥ ಕೆಲಸ ಮಾಡಿದವರಿದ್ದರೆ, ಸಾಧನವನ್ನು ತಂದು ತೋರಿಸಲೂ ಸಿದ್ಧನಿದ್ದೇನೆ.