ಕ್ಷೌರದ ಕತ್ತಿಯ ಬಾಯಿ ನೋಡಲು ಯಾವ ಲೂಪ್? 40ಎಕ್ಸ್ ತಂದರೂ ಏನೂ ಕಾಣುತ್ತಿಲ್ಲ

ತುಂಗಾತೀರ (ಶಿವಮೊಗ್ಗ) – ಜುಲೈ 12, ರಾತ್ರಿ 9:50
ಎರಡು ವಾರದಿಂದ ತಲೆ ಕೆಟ್ಟುಹೋಗಿದೆ. ಅಜ್ಜನ ಕಾಲದ ಮಡಚುವ ಕ್ಷೌರದ ಕತ್ತಿ. 1000ದ ಸಾಣೆಕಲ್ಲು, ಆಮೇಲೆ 3000, 8000 (ನಂಬರ್ ಹೆಚ್ಚಿದಷ್ಟೂ ಕಲ್ಲು ನುಣುಪು), ಕೊನೆಗೆ ಚರ್ಮದ ಪಟ್ಟಿ. ಎಲ್ಲ ಸರಿಯಾಗಿಯೇ ಮಾಡಿದ್ದೇನೆ. ಆದರೂ ಗಲ್ಲದ ಮೇಲೆ ಕೂದಲು ಕಿತ್ತ ಹಾಗೆ ಎಳೆಯುತ್ತದೆ. ಬಾಯಿ ಹೇಗಿದೆ ನೋಡೋಣ ಅಂತ ಆನ್‌ಲೈನ್‌ನಲ್ಲಿ ದೀಪ ಇರುವ 40ಎಕ್ಸ್ (40 ಪಟ್ಟು ದೊಡ್ಡದಾಗಿ ತೋರಿಸುವ) ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಭೂತಗನ್ನಡಿ, ತರಿಸಿದೆ. ಬೆಳ್ಳಗೆ ಹೊಳೆಯುವುದು ಬಿಟ್ಟರೆ ಏನೂ ಕಾಣಲ್ಲ. 100ಎಕ್ಸ್ ತಗೊಳ್ಳಲಾ? ಹೇಳಿ, ಇವತ್ತೇ ಆರ್ಡರ್ ಹಾಕುತ್ತೇನೆ.

ಗಡಿಯಾರದಂಗಡಿ (ಶಿವಮೊಗ್ಗ)
100 ಬೇಡವೇ ಬೇಡ. ಎಕ್ಸ್ ಜಾಸ್ತಿ ಆದಷ್ಟೂ ಕಾಣುವ ಜಾಗ ಚಿಕ್ಕದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ. ಕೈ ಚೂರು ಅಲುಗಿದರೂ ಎಲ್ಲ ಮಸುಕು. ನಿಮ್ಮದರ ಮೇಲೆ 40×25 ಅಂತ ಬರೆದಿದೆಯಾ? 25 ಅಂದರೆ ಗಾಜಿನ ಅಗಲ. 250 ಮಿ.ಮೀ.ಯನ್ನು ಎಕ್ಸ್‌ನಿಂದ ಭಾಗಿಸಿದರೆ ಹೆಚ್ಚು ಕಡಿಮೆ ಫೋಕಸ್ ದೂರ ಸಿಗುತ್ತದೆ. ನಿಜವಾದ 40 ಆಗಿದ್ದರೆ ಕತ್ತಿ ಗಾಜಿಗೆ 6 ಮಿ.ಮೀ. ಹತ್ತಿರ ಬರಬೇಕು. ಸ್ಕೇಲ್ ಇಟ್ಟು ಅಳೆದು ಹೇಳಿ.

ತುಂಗಾತೀರ
ಹೌದು, 40×25. ಅಳೆದೆ, 25 ಮಿ.ಮೀ. ಹತ್ತಿರ ಬಂತು.

ಗಡಿಯಾರದಂಗಡಿ
ಹಾಗಾದರೆ ಅದು 10ಎಕ್ಸ್. ಬೇಜಾರು ಬೇಡ, ವಜ್ರ ನೋಡುವವರು ಬಳಸುವುದೂ 10ನ್ನೇ. ಆದರೆ ಒಂದೇ ಗಾಜಿನದ್ದರಲ್ಲಿ ಅಂಚಿಗೆ ಬಣ್ಣದ ಗೆರೆ ಬರುತ್ತದೆ, ನಡು ಬಿಟ್ಟರೆ ಉಳಿದದ್ದು ಮಸುಕು. ಮೂರು ಗಾಜು ಅಂಟಿಸಿದ 10ಎಕ್ಸ್ ಟ್ರಿಪ್ಲೆಟ್ ತಗೊಳ್ಳಿ. ನಿಮ್ಮ ತೊಂದರೆ ಅಲ್ಲೇ ಇರುವುದು.

ಸಾಗರದ ಉಳಿ
ಲೂಪ್ ಯಾಕೆ ಮಾರಾಯ್ರೇ? ನಮ್ಮದು ಗುಡಿಗಾರರ ಮನೆ. ಶ್ರೀಗಂಧ ಕೆತ್ತುವ ಉಳಿ ಮಸೆಯುತ್ತಲೇ ಬೆಳೆದವನು ನಾನು. ಬಾಯಿಯನ್ನು ನೇರ ಕಣ್ಣಿಗೆ ಹಿಡಿದು ದೀಪದ ಕೆಳಗೆ ತಿರುಗಿಸಿ. ಬೆಳಕಿನ ಗೆರೆ ಕಂಡರೆ ಅಲ್ಲಿ ಮೊಂಡು. ಹರಿತ ಇದ್ದ ಕಡೆ ಬೆಳಕು ನಿಲ್ಲುವುದಿಲ್ಲ. ನನಗೆ ಅನುಮಾನ ಕಲ್ಲಿನ ಮೇಲೆ. ನಡುವೆ ಸವೆದು ಗುಳಿ ಬಿದ್ದಿರಬೇಕು.

ತುಂಗಾತೀರ
ಕಲ್ಲು ಸಮ ಇದೆ. ಪೆನ್ಸಿಲ್ ಗೆರೆ ಎಳೆದು ಉಜ್ಜಿ ನೋಡಿದ್ದೇನೆ. ಬೆಳಕಿನ ಗೆರೆಯೂ ಇಲ್ಲ.

ಸಾಗರದ ಉಳಿ
ಒಂದು ಸಲ ನೋಡಿದರೆ ಸಾಲದು. ಅಡ್ಡಡ್ಡ, ಉದ್ದುದ್ದ, ಮೂಲೆಯಿಂದ ಮೂಲೆಗೆ ಎಳೆದು ನೋಡಿ. ಗುಳಿಯೇ ಇರುತ್ತದೆ.

ಗಡಿಯಾರದಂಗಡಿ
ಉಳಿಗೆ ನಡೆಯುವುದು ಕ್ಷೌರದ ಕತ್ತಿಗೆ ಸಾಲುವುದಿಲ್ಲ. ಮುಖದ ಚರ್ಮ ಮರ ಅಲ್ಲ.

ಸಾಗರದ ಉಳಿ
ಶ್ರೀಗಂಧದ ಅಡ್ಡ ಎಳೆಯನ್ನು ಸೀಳದೆ ಕೆತ್ತಬೇಕಾದರೆ ಎಂಥ ಬಾಯಿ ಬೇಕು ಅಂತ ಒಮ್ಮೆ ಬಂದು ನೋಡಿ.

ತೀರ್ಥಹಳ್ಳಿ ತೋಟ
ನಾನು ಲೂಪ್ ಬಿಟ್ಟು ಮೂರು ವರ್ಷ ಆಯಿತು. ಈಗ ಕ್ಯಾಮೆರಾ ಕೂರಿಸಿದ ಮೈಕ್ರೋಸ್ಕೋಪ್. 400ರ ವರೆಗೆ ಹೋಗುತ್ತದೆ. ಮಸೆಯಲು ಬೆಲ್ಜಿಯಂನ ಕೋಟಿಕ್ಯೂಲ್ ಕಲ್ಲು. ಅಡಿಕೆ ಸುಲಿಯುವ ಕತ್ತಿಯನ್ನೂ ಅದರಲ್ಲೇ ನೋಡಿದ್ದೇನೆ, ಬಾಯಿ ಗರಗಸದ ಹಾಗಿತ್ತು. ಫೋಟೊ ಹಾಕಲಾ?

ಗಡಿಯಾರದಂಗಡಿ
400 ಇದ್ದರೂ ಒಳ್ಳೆಯ ಬಾಯಿಯ ತುದಿ ಕಾಣುವುದಿಲ್ಲ. ಬೆಳಕಿನ ಅಲೆಯ ಉದ್ದವೇ ಅರ್ಧ ಮೈಕ್ರಾನ್ (ಮಿ.ಮೀ.ಯ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹತ್ತಿರ, ತುದಿ ಅದಕ್ಕಿಂತ ತೆಳು. ನಾವು ನೋಡುವುದು ತುದಿಯ ಹಿಂದಿನ ಗೀರುಗಳನ್ನು ಮಾತ್ರ.

ಕೊಪ್ಪದ ಮಳೆ
ಹೊಸದು ಕೊಳ್ಳುವ ಮೊದಲು ಒಂದು ಪ್ರಯತ್ನ ಮಾಡಿ. ಲೂಪಿನ ದೀಪ ಆರಿಸಿ. ಅದರ ಬೆಳಕು ನೇರ ಬಿದ್ದು ನೇರ ಕಣ್ಣಿಗೆ ವಾಪಸ್ ಬರುತ್ತದೆ. ಅದಕ್ಕೇ ಬರೀ ಬಿಳಿ. ನಾಳೆ ಹಗಲಲ್ಲಿ ಕಿಟಕಿ ಪಕ್ಕ ಕೂತುಕೊಳ್ಳಿ. ಮೋಡದ ಬೆಳಕು ಇದಕ್ಕೆ ತುಂಬಾ ಒಳ್ಳೆಯದು. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕತ್ತಿಯನ್ನು ಲೂಪಿನ ಕಡೆ ತನ್ನಿ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ. ಗೀರುಗಳು ಬಾಯಿಯ ಕೊನೆವರೆಗೂ ಒಂದೇ ಥರ ಇವೆಯಾ ನೋಡಿ.

ತುಂಗಾತೀರ – ಜುಲೈ 13, ಬೆಳಿಗ್ಗೆ 10:15
ಕಂಡಿತು! ಬಾಯಿಗೆ ಸೇರುವ ಮಸೆದ ಇಳಿಜಾರಿನಲ್ಲಿ ಎರಡು ಪಟ್ಟೆ ಇವೆ. ಹಿಂದಿನದು ಕನ್ನಡಿ ಹಾಗೆ ನುಣುಪು. ಬಾಯಿಯ ಪಕ್ಕ ಕೂದಲೆಳೆಯಷ್ಟು ಅಗಲದ ಇನ್ನೊಂದು, ತುಂಬಾ ಒರಟು ಗೀರು. ಬರಿಗಣ್ಣಿಗೆ ಎಲ್ಲವೂ ಹೊಳೆಯುತ್ತಿತ್ತು, ಆಗಿದೆ ಅಂದುಕೊಂಡಿದ್ದೆ.

ಕೊಪ್ಪದ ಮಳೆ
ಕತ್ತಿಯ ಬೆನ್ನಿಗೆ ಟೇಪ್ ಹಚ್ಚಿದ್ದಿರಾ?

ತುಂಗಾತೀರ
ಹೌದು, 1000ದಲ್ಲಿ ಮಾತ್ರ, ಒಂದು ಸುತ್ತು ವಯರಿಂಗ್ ಟೇಪ್. ಅಜ್ಜನ ಕತ್ತಿ, ಬೆನ್ನು ಸವೆಯಬಾರದು ಅಂತ. 3000ಕ್ಕೆ ಬಿಚ್ಚಿದೆ. ಎಲ್ಲರೂ ಹಾಗೇ ಮಾಡುತ್ತಾರೆ ಅಲ್ವಾ?

ಕೊಪ್ಪದ ಮಳೆ
ಇಲ್ಲ, ಅಲ್ಲೇ ತಪ್ಪಿದ್ದು. ಮಸೆಯುವಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿನ ಮೇಲಿರುತ್ತವೆ. ಟೇಪ್ ಇದ್ದಾಗ ಬೆನ್ನು ಎತ್ತರದಲ್ಲಿರುತ್ತದೆ, ಪ್ರತಿ ಬದಿಗೆ ಸುಮಾರು ಅರ್ಧ ಡಿಗ್ರಿ ಜಾಸ್ತಿ ಕೋನ. ಬಿಚ್ಚಿದ ಮೇಲೆ ಕತ್ತಿ ಇನ್ನಷ್ಟು ಮಲಗುತ್ತದೆ. ಕಲ್ಲು ಇಳಿಜಾರಿನ ಹಿಂಭಾಗವನ್ನು ಮಾತ್ರ ಉಜ್ಜುತ್ತದೆ, ಬಾಯಿಗೆ ಮುಟ್ಟುವುದೇ ಇಲ್ಲ. ನೀವು ಬೋಳಿಸಿಕೊಂಡಿದ್ದು 1000ದ ಬಾಯಿಯಲ್ಲಿ. ಹೊಸ ಟೇಪ್ ಒಂದು ಸುತ್ತು ಹಾಕಿ, 3000ದಿಂದ ಮತ್ತೆ ಶುರು ಮಾಡಿ. 8000ಕ್ಕೆ ಮತ್ತೆ ಹೊಸ ಟೇಪ್, ಸವೆದದ್ದು ತೆಳುವಾಗಿರುತ್ತದೆ. ಇಳಿಜಾರಿಗೆ ಮಾರ್ಕರ್ ಬಳಿದು ನಾಲ್ಕು ಸಲ ಎಳೆದು ನೋಡಿ, ಬಾಯಿಯ ಕೊನೆವರೆಗೂ ಅಳಿಸಬೇಕು. ಚರ್ಮದ ಪಟ್ಟಿಗೆ ಟೇಪ್ ಬೇಡ, ಚರ್ಮ ಬಾಗಿ ಬಾಯಿಗೆ ಮುಟ್ಟುತ್ತದೆ.

ಸಾಗರದ ಉಳಿ
ಟೇಪೇ ತಪ್ಪು. ಬೆನ್ನು ಮತ್ತು ಬಾಯಿ ಒಟ್ಟಿಗೆ ಸವೆದರೆ ತಾನೇ ಕೋನ ಹಾಗೇ ಉಳಿಯುವುದು? ಕತ್ತಿ ಮಾಡಿದವರು ಯೋಚಿಸಿಯೇ ಮಾಡಿದ್ದಾರೆ.

ಕೊಪ್ಪದ ಮಳೆ
ಆ ಮಾತು ಸರಿ. ಆದರೆ ಬೆನ್ನಿನ ಮೇಲೆ ಚಿತ್ತಾರ ಇರುವ ಹಳೆ ಕತ್ತಿಗೆ ನಾನಂತೂ ಟೇಪ್ ಹಾಕುತ್ತೇನೆ.

ಗಡಿಯಾರದಂಗಡಿ
ಟ್ರಿಪ್ಲೆಟ್ ಇದ್ದಿದ್ದರೆ ಮೊದಲ ದಿನವೇ ಕಾಣುತ್ತಿತ್ತು.

ತುಂಗಾತೀರ – ಜುಲೈ 15, ರಾತ್ರಿ 8:30
ಮಾಡಿದೆ. ಗಲ್ಲದ ಮೇಲೆ ಈಗ ಸದ್ದೇ ಇಲ್ಲದೆ ಹೋಗುತ್ತದೆ. ಗದ್ದದ ಕೆಳಗೆ ಇನ್ನೂ ಸ್ವಲ್ಪ ಎಳೆತ ಇದೆ. ಲೂಪಿನಲ್ಲಿ ನೋಡಿದರೆ ಕತ್ತಿಯ ಹಿಡಿ ಕಡೆ ಒಂದು ಬೆರಳಷ್ಟು ಜಾಗದಲ್ಲಿ ಒರಟು ಪಟ್ಟೆ ಹಾಗೇ ಉಳಿದಿದೆ. ಅಲ್ಲಿ ಒತ್ತಡ ಕಡಿಮೆ ಬೀಳುತ್ತಿದೆಯಾ, ಕತ್ತಿಯೇ ಸೊಟ್ಟ ಇದೆಯಾ?

ತೀರ್ಥಹಳ್ಳಿ ತೋಟ
ಯಾವ ಲೂಪ್ ತಂದರೂ ಮಳೆಗಾಲದಲ್ಲಿ ಹೊರಗೆ ಇಡಬೇಡಿ. ನಮ್ಮ ಕಡೆ ಗಾಜಿಗೆ ಬೂಸ್ಟು ಹಿಡಿಯುತ್ತದೆ, ಬಲೆ ಹಾಗೆ ಹಬ್ಬಿದರೆ ಉಜ್ಜಿದರೂ ಗುರುತು ಹೋಗುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಕತ್ತಿಯನ್ನೂ ಎಣ್ಣೆ ಸವರಿ ಅದರಲ್ಲೇ ಇಡಿ, ತುಕ್ಕು ಹಿಡಿಯುವುದಿಲ್ಲ.

ಸಾಗರದ ಉಳಿ
ಹಿಡಿ ಕಡೆಯದ್ದು ಕಲ್ಲಿನ ಗುಳಿಯೇ. ಅಡ್ಡಡ್ಡ ಎಳೆದು ನೋಡಿದಿರಾ?