'ಪರಿಹರಿಸಲಾಗಿದೆ' ಎಂದು ಮುಚ್ಚಿಬಿಟ್ಟ ದೂರಿಗೆ ಮುಂದಿನ ದಾರಿ ಯಾವುದು?

ಸೊಸೈಟಿ ಕಾರ್ಯದರ್ಶಿ, ಪುಣೆ

ಎಲ್ಲರಿಗೂ ನಮಸ್ಕಾರ. ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿ ಇಪ್ಪತ್ತೆರಡು ವರ್ಷಗಳಾದವು. ಮೂವತ್ತಾರು ಮನೆಗಳ ನಮ್ಮ ಸೊಸೈಟಿಯ ಕಾರ್ಯದರ್ಶಿ ಕೆಲಸ ಎರಡು ವರ್ಷಗಳಿಂದ ನನ್ನ ಕೊರಳಿಗೆ ಬಿದ್ದಿದೆ. ನಮ್ಮ ಗೇಟಿನ ಎದುರು ಮಳೆನೀರಿನ ಚರಂಡಿಯ ಚೇಂಬರ್ ಒಂದಿದ್ದು, ಅದರ ಮುಚ್ಚಳ ಜೂನ್ ಮೊದಲ ವಾರದಲ್ಲಿ ಟ್ಯಾಂಕರಿನ ಚಕ್ರಕ್ಕೆ ಸಿಕ್ಕು ಒಡೆಯಿತು. ಪುಣೆಯ ಸುತ್ತ ಸ್ಥಳೀಯ ಸಂಸ್ಥೆಗಳು ಹಲವು ಇವೆ. ಅವುಗಳಲ್ಲಿ ನಮ್ಮದು ಯಾವುದೆಂದು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಒಂದು ಕಚೇರಿಯ ಮಾನ ಕಳೆಯುವುದು ನನ್ನ ಉದ್ದೇಶವಲ್ಲ.

ಮೊಬೈಲಿನಲ್ಲಿ ದೂರು ದಾಖಲಿಸಿದ ನಾಲ್ಕನೆಯ ದಿನ 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಎಂಬ ಸಂದೇಶ ಬಂದಿತು. ಆಗ ನಾನು ಆ ಚೇಂಬರಿನ ಪಕ್ಕದಲ್ಲೇ ನಿಂತಿದ್ದೆ. ನಮ್ಮ ಕಾವಲುಗಾರ ಗುರುತಿಗೆಂದು ಅದರೊಳಗೆ ಸಿಕ್ಕಿಸಿದ್ದ ಬೇವಿನ ಟೊಂಗೆ, ಟೊಂಗೆಗೆ ಕಟ್ಟಿದ್ದ ಕೆಂಪು ಸೀರೆಯ ಚೂರು ಎರಡೂ ಹಾಗೆಯೇ ಇದ್ದವು. ಎರಡನೆಯ ಬಾರಿ ದೂರು ಕೊಟ್ಟಾಗ ಅದನ್ನೂ ಹಾಗೆಯೇ ಮುಚ್ಚಿದರು. ಅಷ್ಟರಲ್ಲಿ ಶಾಲೆಗಳು ಆರಂಭವಾಗಿದ್ದರಿಂದ, ಮೊದಲ ಮಹಡಿಯವರು ಅಡುಗೆಮನೆ ನವೀಕರಿಸುವಾಗ ಕಿತ್ತಿಟ್ಟಿದ್ದ ಕಡಪಾ ಕಲ್ಲನ್ನು ತಂದು ನಾವೇ ಅದರ ಮೇಲೆ ಹಾಸಿದೆವು. ಮೂರನೆಯ ದೂರಿಗೂ ಅದೇ ಉತ್ತರ ಬಂದಿದೆ.

ಮುಚ್ಚಳ ಇಂದಲ್ಲ ನಾಳೆ ಬಂದೀತು. ನನ್ನನ್ನು ಕಾಡುತ್ತಿರುವ ಸಂಗತಿ ಬೇರೆ. ಆಗಿಲ್ಲದ ಕೆಲಸವನ್ನು ಆಗಿದೆ ಎಂದು ನನಗೇ ತಿಳಿಸುವ ಒಂದು ವ್ಯವಸ್ಥೆ, ಮುಂದೆ ನಿಜವಾಗಿಯೇ ಕೆಲಸ ಮಾಡಿ ತಿಳಿಸಿದರೂ ನಾನು ನಂಬದಂತೆ ಮಾಡಿಬಿಟ್ಟಿದೆ. ಇದನ್ನು ಪ್ರಶ್ನಿಸಲು ನಾಲ್ಕನೆಯ ದೂರಿನ ಹೊರತು ಬೇರೆ ದಾರಿ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಲೆಕ್ಕಪರಿಶೋಧಕ, ಮಾಟುಂಗಾ

ಕಾರ್ಯದರ್ಶಿಗಳೇ, ನಾಲ್ಕನೆಯ ದೂರನ್ನು ದಯವಿಟ್ಟು ಕೊಡಬೇಡಿ. ಅದರಿಂದ ಅವರ ಪಟ್ಟಿಯಲ್ಲಿ 'ಪರಿಹಾರವಾದ ದೂರು' ಇನ್ನೊಂದು ಹೆಚ್ಚುತ್ತದೆ, ಅಷ್ಟೇ. ಮೂವತ್ತು ವರ್ಷ ಸರ್ಕಾರಿ ಲೆಕ್ಕಗಳನ್ನು ತಪಾಸಣೆ ಮಾಡಿದವನಾಗಿ ಹೇಳುತ್ತೇನೆ: ವಾರದ ಸಭೆಯಲ್ಲಿ ಮೇಲಧಿಕಾರಿ ಕೇಳುವುದು ಎಷ್ಟು ದೂರುಗಳು ಬಾಕಿ ಇವೆ ಎಂದೇ ಹೊರತು ಎಷ್ಟು ಚೇಂಬರುಗಳ ಮೇಲೆ ಮುಚ್ಚಳ ಕೂತಿದೆ ಎಂದಲ್ಲ, ಹಾಗಾಗಿ ಕೆಳಗಿನವರು ಬಾಕಿಯನ್ನು ಇಳಿಸುತ್ತಾರೆ.

ಮಹಾರಾಷ್ಟ್ರದಲ್ಲಿ ಗೊತ್ತುಪಡಿಸಿದ ದಿನಗಳೊಳಗೆ ಸರ್ಕಾರಿ ಸೇವೆ ಕೊಡಿಸುವ 2015ರ ಲೋಕಸೇವಾ ಹಕ್ಕು ಕಾಯಿದೆ ಇದೆಯಲ್ಲ ಎಂದು ನಿಮಗೆ ಯಾರಾದರೂ ಹೇಳಿಯಾರು. ಅದು ಇದೆ, ಒಳ್ಳೆಯದೂ ಹೌದು. ವಿಳಂಬ ಮಾಡಿದ ಅಧಿಕಾರಿಗೆ 500ರಿಂದ 5,000 ರೂಪಾಯಿವರೆಗೆ ದಂಡ ಹಾಕಬಹುದು. ಎರಡು ಮೇಲ್ಮನವಿಗಳ ನಂತರ ಸೇವಾ ಹಕ್ಕು ಆಯೋಗದ ಬಾಗಿಲನ್ನೂ ತಟ್ಟಬಹುದು. ನಮ್ಮ ಕರ್ನಾಟಕದ 'ಸಕಾಲ' ಇದಕ್ಕಿಂತ ಹಳೆಯದು. ಆ 2011ರ ಕಾಯಿದೆಯಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಅರ್ಜಿದಾರನಿಗೇ ಸಲ್ಲುತ್ತದೆ, ಆ ಮಟ್ಟಿಗೆ ಅದು ನನಗೆ ಹೆಚ್ಚು ಇಷ್ಟ. ಆದರೆ ಈ ಎರಡೂ ಕಾಯಿದೆಗಳು ಅಧಿಸೂಚನೆಯಲ್ಲಿ ಹೆಸರಿಸಿದ ಸೇವೆಗಳಿಗೆ ಮಾತ್ರ, ಎಂದರೆ ಜನನ ಪ್ರಮಾಣಪತ್ರದಂಥವುಗಳಿಗೆ, ಅನ್ವಯಿಸುತ್ತವೆ. ಒಡೆದ ಮುಚ್ಚಳ ಸೇವೆಯ ಅರ್ಜಿಯಲ್ಲ, ತಕರಾರು. ಗಡುವು ಮೀರಿದರೆ ದಂಡ ಎಂಬ ಹೆದರಿಕೆ ಪ್ರಮಾಣಪತ್ರದ ಮೇಜಿನಲ್ಲಿದೆ, ತಕರಾರಿನ ಮೇಜಿನಲ್ಲಿಲ್ಲ.

ತಮಗೆ ಒದಗುವುದು 2005ರ ಮಾಹಿತಿ ಹಕ್ಕು ಕಾಯಿದೆ. ಅದರ 4(1)(ಡಿ) ಕಲಮಿನ ಪ್ರಕಾರ ಆಡಳಿತಾತ್ಮಕ ನಿರ್ಧಾರಗಳಿಗೆ ಕಾರಣಗಳನ್ನು ಬಾಧಿತ ವ್ಯಕ್ತಿಗೆ ಸಾರ್ವಜನಿಕ ಪ್ರಾಧಿಕಾರವು ತಾನಾಗಿಯೇ ಒದಗಿಸಬೇಕು. ದೂರನ್ನು ಮುಚ್ಚುವುದೂ ಒಂದು ನಿರ್ಧಾರವೇ ಎಂಬುದು ನನ್ನ ವಾದ. 2(ಜೆ) ಕಲಮಿನಲ್ಲಿ ಕಡತವನ್ನಷ್ಟೇ ಅಲ್ಲದೆ ಕಾಮಗಾರಿಯನ್ನೂ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕು ನಾಗರಿಕನಿಗಿದೆ. ಅರ್ಜಿಗೆ 10 ರೂಪಾಯಿ ಶುಲ್ಕ; ಉತ್ತರಕ್ಕೆ ಮೂವತ್ತು ದಿನಗಳ ಗಡುವು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದೂ 150 ಪದಗಳೊಳಗೆ ಇರಬೇಕೆಂಬುದನ್ನು ಮರೆಯಬೇಡಿ. ನಮ್ಮವರಿಗೆ ಪೀಠಿಕೆ ಹಾಕುವ ಚಟ ಸ್ವಲ್ಪ ಜಾಸ್ತಿ.

ಇನ್ನೂ ಹತ್ತಿರದ ದಾರಿಯೊಂದು ಇದೆ. ನಾಗರಿಕರು ಸೋಮವಾರ ಮಧ್ಯಾಹ್ನ ಬಂದು ಕಡತಗಳನ್ನು ನೋಡಬಹುದೆಂಬ ಪದ್ಧತಿಯನ್ನು ಪುಣೆ ಮಹಾನಗರಪಾಲಿಕೆ ಮೊದಲೇ ಆರಂಭಿಸಿತ್ತು. 2018ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಜಿಲ್ಲಾಮಟ್ಟದ ಕಚೇರಿಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ವಿಸ್ತರಿಸಿತು. ಸಮಯ ಪ್ರತಿ ಸೋಮವಾರ ಮೂರರಿಂದ ಐದು. ಹೋಗಿ ದೂರಿನ ಕಡತವನ್ನೂ, ಮುಗಿದ ಕಾಮಗಾರಿಯನ್ನು ಬಿಲ್ಲಿಗಾಗಿ ದಾಖಲಿಸುವ ಅಳತೆ ಪುಸ್ತಕವನ್ನೂ ಕೇಳಿ, ಮುಚ್ಚಿದವರು ಷರಾ ಅಂಕಣದಲ್ಲಿ ಏನು ಬರೆದಿದ್ದಾರೆಂದು ಓದಿ.

2017ರ ಆಗಸ್ಟ್ 29ರ ಮಳೆಯಲ್ಲಿ ಇಲ್ಲಿಯ ಹಿರಿಯ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲಿಗೆ ಬಿದ್ದು ಜೀವ ಕಳೆದುಕೊಂಡದ್ದನ್ನು ಮುಂಬಯಿಯವರಾದ ನಾವು ಮರೆತಿಲ್ಲ. ಗುಂಡಿಗಳಿಂದಲೂ ತೆರೆದ ಮ್ಯಾನ್‌ಹೋಲ್‌ಗಳಿಂದಲೂ ಸಾವು ಸಂಭವಿಸಿದರೆ 6 ಲಕ್ಷ, ಗಾಯವಾದರೆ 50 ಸಾವಿರದಿಂದ 2.5 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಬೇಕೆಂದು ಮುಂಬಯಿ ಹೈಕೋರ್ಟ್ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ. ತಮ್ಮ ಅರ್ಜಿಯಲ್ಲಿ ಇದನ್ನು ಒಂದು ಸಾಲಿನಲ್ಲಿ ಉಲ್ಲೇಖಿಸಿ, ಓದುವವರು ಸರಿಯಾಗಿ ಕೂತು ಓದುತ್ತಾರೆ.

ನಂಬಿಕೆ ಹೋಯಿತೆಂದು ಕೊರಗುವುದನ್ನು ಮಾತ್ರ ಬಿಡಿ. ಲೆಕ್ಕ ನೋಡುವವನು ನಂಬಿಕೆಯನ್ನು ಕೇಳುವುದಿಲ್ಲ, ವೋಚರ್ ಕೇಳುತ್ತಾನೆ.

ಕೌಂಟರಿನ ಆಚೆಯವನು, ಡೊಂಬಿವಿಲಿ

ಇಂಥದೇ ಒಂದು ಕಚೇರಿಯಲ್ಲಿ ದುಡಿಯುವವನು ನಾನು, ಆದ್ದರಿಂದ ಹೆಚ್ಚು ಹೇಳಲಾರೆ. ದಾಸ್ತಾನಿನಲ್ಲಿ ಮುಚ್ಚಳವಿಲ್ಲ ಎಂದು ನಿಜವನ್ನು ಬರೆದವನಿಗೆ ಮೆಮೊ ಬರುತ್ತದೆ, ಪರಿಹರಿಸಲಾಗಿದೆ ಎಂದು ಬರೆದವನಿಗೆ ಏನೂ ಬರುವುದಿಲ್ಲ. ಹಿಂದೆ ಇಂಥ ದೂರು ನಗರಸೇವಕರ, ಎಂದರೆ ಚುನಾಯಿತ ಪಾಲಿಕೆ ಸದಸ್ಯರ, ಮನೆಯ ಕಟ್ಟೆಗೆ ಹೋಗುತ್ತಿತ್ತು, ಅವರು ಫೋನಿನಲ್ಲಿ ಗದರಿದರೆ ಸಂಜೆಯೊಳಗೆ ಕೆಲಸವಾಗುತ್ತಿತ್ತು. 2022ರ ಮಾರ್ಚಿನಲ್ಲಿ ಮುಂಬಯಿ, ಪುಣೆಗಳ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ 2026ರ ಜನವರಿಯ ಚುನಾವಣೆಯವರೆಗೆ ಆಡಳಿತಾಧಿಕಾರಿಗಳೇ ಎಲ್ಲವೂ ಆಗಿದ್ದರು. ಮತ ಕೇಳಲು ಬರಬೇಕಾದವರೇ ಇಲ್ಲದ ಆ ನಾಲ್ಕು ವರ್ಷಗಳಲ್ಲಿ ಪರದೆಯ ಮೇಲಿನ ಅಂಕಿಗಳಿಗೆ ಉತ್ತರ ಹೇಳುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಯಿತು.

ಕನ್ನಡ ಶಾಲೆಯ ಶಿಕ್ಷಕಿ, ವಾಸ್ಕೋ

ಮಾಟುಂಗಾದ ಹಿರಿಯರ ಮಾಹಿತಿಗೆ ಕೃತಜ್ಞಳಾಗಿದ್ದೇನೆ, ಆದರೆ ಕೊನೆಯ ಮಾತನ್ನು ಒಪ್ಪಲಾರೆ. ವೋಚರ್ ಕೇಳಲು ಸೋಮವಾರ ಮಧ್ಯಾಹ್ನ ಬಿಡುವಿರಬೇಕು. ನಾನಿರುವ ಕಡೆ ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಬಂದು ಕಟ್ಟಡ ಕೆಲಸ ಮಾಡುವ ಕುಟುಂಬಗಳು ಸಾಕಷ್ಟಿವೆ, ಅವರಿಗೆ ಕಚೇರಿಗೆ ಒಂದು ಸಲ ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ಗೋವಾದಲ್ಲೂ 2013ರಿಂದ ಕಾಲಮಿತಿಯ ಸೇವೆಗೆ ಕಾಯಿದೆ ಇದೆ. ಅದನ್ನು ಕನ್ನಡದಲ್ಲಿ ಓದಿ ಹೇಳುವವರು ಬೇಕಷ್ಟೆ.

ನಮ್ಮ ಓಣಿಯ ತಾಯಿಯೊಬ್ಬರು ಮಗನ ದಾಖಲೆಗಾಗಿ ಕೊಟ್ಟ ಅರ್ಜಿಯ ಪೋಚನ್ನು, ಎಂದರೆ ಸ್ವೀಕೃತಿಯನ್ನು, ಹಾಲಿನ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ದೇವರ ಪಟದ ಹಿಂದೆ ಇಟ್ಟಿದ್ದಾರೆ. ಮೊನ್ನೆ ತೆಗೆದು ತೋರಿಸಿದಾಗ ಮೊಹರಿನ ನೀಲಿ ಮಸಿ ಚೀಲಕ್ಕೇ ಅಂಟಿಕೊಂಡು, ಕಾಗದದ ಮೇಲೆ ತಾರೀಕಿನ ಅರ್ಧ ಮಾತ್ರ ಉಳಿದಿತ್ತು. ಆ ಅರ್ಧ ತಾರೀಕಿನ ಮೇಲೆ ಅವರು ಏಳು ತಿಂಗಳಿಂದ ನಂಬಿಕೆ ಇಟ್ಟು ಕೂತಿದ್ದಾರೆ. ಪರಿಶೀಲಿಸಬಲ್ಲವರಿಗೆ ನಂಬಿಕೆಯ ಹಂಗಿಲ್ಲ ಎಂಬುದನ್ನು ಒಪ್ಪುತ್ತೇನೆ. ಪರಿಶೀಲಿಸಲಾಗದವರು ನಂಬಿಕೆಯೊಂದನ್ನೇ ಹಿಡಿದು ಬದುಕಬೇಕಾಗಿರುವುದರಿಂದ, 'ಪರಿಹರಿಸಲಾಗಿದೆ' ಎಂಬ ಸುಳ್ಳು ಸಂದೇಶ ಕಾರ್ಯದರ್ಶಿಗಳಿಗೆ ಸಿಟ್ಟು ತರಿಸಿದರೆ ಆ ತಾಯಿಗೆ ಅದು ಕೊನೆಯ ತೀರ್ಪೇ ಆಗಿಬಿಡುತ್ತದೆ. ಅವರು ಮತ್ತೆ ಕೇಳುವುದಿಲ್ಲ.

ಜನ ಒಟ್ಟಾಗಿ ನಿಂತರೆ ಸರ್ಕಾರ ಹಿಂದೆ ಸರಿಯುತ್ತದೆ ಎಂಬುದನ್ನೂ ಈ ನೆಲ ಕಂಡಿದೆ. 2011ರವರೆಗಿನ ಭೂಬಳಕೆಗಾಗಿ ಸಿದ್ಧಪಡಿಸಿದ್ದ ಗೋವಾದ 'ಪ್ರಾದೇಶಿಕ ಯೋಜನೆ 2011'ನ್ನು ಜನರ ವಿರೋಧದಿಂದಾಗಿ 2007ರ ಜನವರಿಯಲ್ಲಿ ಹಿಂಪಡೆದರು. ಆದರೆ ಒಂದು ರಾಜ್ಯದ ಭೂಮಿಗಾಗಿ ಬೀದಿಗಿಳಿಯುವಂತೆ ಒಬ್ಬ ತಾಯಿಯ ಅರ್ಜಿಗಾಗಿ ಯಾರೂ ಇಳಿಯುವುದಿಲ್ಲವಲ್ಲ.

ನಿವೃತ್ತ ಲೆಕ್ಕಪರಿಶೋಧಕ, ಮಾಟುಂಗಾ

ತಂಗೀ, ಮಾತು ನಾಟಿತು. ನಾನು ನಿವೃತ್ತಿವೇತನ ಎಣಿಸುತ್ತ ಕೂತವನು, ನನಗೆ ವಾರವೆಲ್ಲ ಸೋಮವಾರವೇ. ಆ ತಾಯಿಯ ಸ್ವೀಕೃತಿಯ ನಕಲನ್ನು ಮೊದಲು ಮಾಡಿಸಿಡಿ.

ಸೊಸೈಟಿ ಕಾರ್ಯದರ್ಶಿ, ಪುಣೆ

ಹಿರಿಯರ ಸಲಹೆಯಂತೆ ಸೋಮವಾರ ಕಚೇರಿಗೆ ಹೋಗಿಬಂದೆ. ಮೂರು ಗಂಟೆಗೆ ಹೋದವನಿಗೆ ಕಡತ ಕೈಗೆ ಬಂದದ್ದು ನಾಲ್ಕು ದಾಟಿದ ಮೇಲೆ. ಮೊದಲ ಎರಡು ದೂರುಗಳ ಷರಾ ಅಂಕಣದಲ್ಲಿ 'ಸಂಬಂಧಪಟ್ಟವರಿಗೆ ಕಳುಹಿಸಿದೆ' ಎಂದಷ್ಟೇ ಇತ್ತು. ಎಂದರೆ ಅವರ ಭಾಷೆಯಲ್ಲಿ ಮುಂದಕ್ಕೆ ಕಳುಹಿಸುವುದಕ್ಕೇ ಪರಿಹಾರವೆಂದು ಹೆಸರು. ಮೂರನೆಯದಕ್ಕೆ 'ಕಾಮಗಾರಿ ಪೂರ್ಣ' ಎಂದು ಬರೆದು ಸಾಕ್ಷಿಗೆಂದು ಒಂದು ಛಾಯಾಚಿತ್ರ ಅಂಟಿಸಿದ್ದರು.

ಚಿತ್ರದಲ್ಲಿ ಚೇಂಬರ್ ಅಚ್ಚುಕಟ್ಟಾಗಿ ಮುಚ್ಚಿತ್ತು. ಮೇಲಿದ್ದದ್ದು ಒಂದು ಕಪ್ಪು ಕಲ್ಲು, ಅದರ ಒಂದು ಅಂಚಿನಲ್ಲಿ ಸಿಂಕ್ ಕೂರಿಸಲೆಂದು ಅರ್ಧಚಂದ್ರಾಕಾರವಾಗಿ ಕೊರೆದಿದ್ದ ಗುರುತು. ಅದು ನಮ್ಮ ಮೊದಲ ಮಹಡಿಯ ಅಡುಗೆಮನೆಯ ಕಡಪಾ ಕಲ್ಲು.

ಕಿರಿಯ ಎಂಜಿನಿಯರ್ ಹೊಸದಾಗಿ ವರ್ಗವಾಗಿ ಬಂದ ಯುವಕ. ನಾನು ಮೊಬೈಲಿನಲ್ಲಿ ಅದೇ ಕಲ್ಲನ್ನು ತೋರಿಸಿದಾಗ ಚಿತ್ರವನ್ನೂ ಮೊಬೈಲನ್ನೂ ಮೂರ್ನಾಲ್ಕು ಬಾರಿ ನೋಡಿದರು, ವಾದಿಸಲಿಲ್ಲ. ಹಣ ಪಾವತಿಯಾಗಿದೆಯೇ ಎಂದು ಕೇಳಿದೆ. ಅಳತೆ ಪುಸ್ತಕ ತರಿಸಿ ನೋಡಿದರು, ನಮೂದು ಇರಲಿಲ್ಲ. ಅಷ್ಟರಮಟ್ಟಿಗೆ ಇದು ಕಳ್ಳತನವಲ್ಲ, ಸೋಮಾರಿತನ ಎಂದು ನನಗನಿಸಿತು. ಆಮೇಲೆ ಅವರು ಪೆನ್ನು ತೆಗೆದು 'ನಾಗರಿಕರು ತಾತ್ಕಾಲಿಕವಾಗಿ ಇಟ್ಟ ಕಲ್ಲು, ಕಾಮಗಾರಿ ಬಾಕಿ' ಎಂದು ಮರಾಠಿಯಲ್ಲಿ ಬರೆದು, ಕೆಳಗೆ ಹೆಸರು, ಹುದ್ದೆ, ತಾರೀಕು ಹಾಕಿದರು. ಮುಚ್ಚಳ ಇನ್ನೂ ಬಂದಿಲ್ಲ, ಆದರೆ ಆ ಒಂದು ಸಾಲನ್ನು ನಾನು ನಂಬುತ್ತೇನೆ.

ಶಿಕ್ಷಕಿಯವರ ಮಾತನ್ನು ಓದಿದ ಮೇಲೆ ನಮ್ಮ ಕಾವಲುಗಾರನನ್ನು ವಿಚಾರಿಸಿದೆ. ಅವನು ಯಾದಗಿರಿಯವನು. ಮಗಳ ಜನನ ಪ್ರಮಾಣಪತ್ರಕ್ಕೆ ಮಾರ್ಚಿನಲ್ಲೇ ಅರ್ಜಿ ಕೊಟ್ಟಿದ್ದಾನೆ. 'ಆಗೇತಿ ಅಂತ ಮೆಸೇಜ್ ಬಂತ್ರಿ, ಹೋದ್ರ ಕಾಗದ ಇಲ್ಲ ಅಂದ್ರು' ಎಂದ. ಗೇಟು ಬಿಟ್ಟು ಹೋಗಲಾಗದೆ ಸುಮ್ಮನಿದ್ದನಂತೆ. ಇದು ಅಧಿಸೂಚಿತ ಸೇವೆಯಾದ್ದರಿಂದ 2015ರ ಕಾಯಿದೆಯ ಮೊದಲ ಮೇಲ್ಮನವಿ ಇಲ್ಲಿ ನಡೆಯಬೇಕಲ್ಲವೇ, ಹಿರಿಯರೇ? ಅವನ ಪೋಚ್ ನನ್ನ ಬಳಿ ಇದೆ. ಬರುವ ಸೋಮವಾರ ಎರಡು ತಾಸು ಗೇಟಿನಲ್ಲಿ ನಾನು ಕೂರುತ್ತೇನೆ, ಅವನು ಹೋಗಲಿ. ಮೇಲ್ಮನವಿಯ ಕರಡನ್ನು ಭಾನುವಾರದೊಳಗೆ ಇಲ್ಲಿ ಹಾಕಿದರೆ ತಿದ್ದಿಕೊಡಬೇಕೆಂದು ಕೋರುತ್ತೇನೆ.